ನೋಡೋಣಪ್ಪನವರ ಕೈಕಟ್ಟು

ಎಲ್ಲಾ ಶುರುವಾಗಿದ್ದು ನಾಲ್ಕೂವರೆ ಮೀಟರ್ ಉದ್ದದ, ಮೂರು ಬೆರಳು ಅಗಲದ ಒಂದು ಬಟ್ಟೆಪಟ್ಟಿಯಿಂದ. ಸರಿಯಾಗಿ ಹೇಳಬೇಕೆಂದರೆ ಎರಡು ಪಟ್ಟಿಗಳಿಂದ, ಏಕೆಂದರೆ ನೋಡೋಣಪ್ಪನವರಿಗೆ ಎಲ್ಲರಂತೆ ಕೈ ಎರಡಿದ್ದವು.

ನೋಡೋಣಪ್ಪ ಎನ್ನುವುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಹನ್ನೊಂದು ವರ್ಷ ಕೂತು, ಬಂದವರಿಗೆಲ್ಲ "ನೋಡೋಣ, ನೋಡೋಣ" ಎಂದು ಹೇಳಿ ಹೇಳಿ ಸಂಪಾದಿಸಿದ ಹೆಸರು. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರಿನಲ್ಲಿ ಹುಳ ಕಂಡವರು, ಬೀದಿಯ ಪೈಪು ಒಡೆದು ಅಂಗಳದಲ್ಲಿ ಕೆರೆಯಾದವರು, ಎಲ್ಲರೂ ಆ ಕಿಟಕಿಗೆ ಬಂದು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಪೈಪು ಹೂಳುವವರು ಬೇರೆ, ನೀರು ಬಿಡುವವರು ಬೇರೆ; ಬೈಸಿಕೊಳ್ಳುವವರು ಮಾತ್ರ ಇವರೊಬ್ಬರೇ. ಬೈದಷ್ಟೂ ಇವರು ಮುಖವನ್ನು ಒಗೆದಿಟ್ಟ ಬಟ್ಟೆಯ ಹಾಗೆ ಇಟ್ಟುಕೊಂಡು ಕೂತಿರುತ್ತಿದ್ದರು.

ಕೊನೆಗೆ ರಕ್ತದೊತ್ತಡ ಏರಿತು. ಡಾಕ್ಟರು ಯಂತ್ರದ ಪಟ್ಟಿ ಬಿಚ್ಚುತ್ತಾ, "ಅಲ್ರೀ, ಬಂದ ಸಿಟ್ಟನ್ನೆಲ್ಲ ಒಳಗೇ ನುಂಗ್ತಾ ಇದ್ರೆ ಅದಾದ್ರೂ ಎಲ್ಲಿಗೆ ಹೋಗಬೇಕು? ಎಲ್ಲಾದ್ರೂ ಹೊರಗೆ ಹಾಕ್ರೀ" ಎಂದರು. ನೋಡೋಣಪ್ಪನವರು ಎರಡು ದಿನ ಯೋಚಿಸಿದರು. ಹೆಂಡತಿಯ ಮೇಲೆ ಹಾಕುವ ಧೈರ್ಯ ಇರಲಿಲ್ಲ. ಸಾಹೇಬರ ಮೇಲೆ ಹಾಕಿದರೆ ಕೆಲಸ ಇರುವುದಿಲ್ಲ. ಮೂರನೆಯ ದಿನ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ನಡೆಯುತ್ತಿದ್ದ ಬಾಕ್ಸಿಂಗ್ ಶಾಲೆಗೆ ಸೇರಿದರು.

ಮನೆಯಲ್ಲಿ ಹೇಳಿದ್ದು ವಾಕಿಂಗ್ ಎಂದು. ಅವರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. "ನಮ್ಮನೆಯವರು ನೊಣ ಓಡಿಸೋವಾಗಲೂ 'ಸ್ವಲ್ಪ ಸರಿತೀರಾ' ಅಂತ ಕೇಳೋ ಜನ" ಎಂದು ನಾಲ್ಕು ಜನರೆದುರು ಹೇಳಿ ನಗುವವರು. ಬಾಕ್ಸಿಂಗ್ ಎಂದು ಗೊತ್ತಾದರೆ ಆ ನಗು ಒಂದು ವರ್ಷಕ್ಕೂ ಮುಗಿಯುವಂಥದ್ದಲ್ಲ.

ಬಾಕ್ಸಿಂಗ್ ಶಾಲೆಗೆ ಸೇರಿ ಮೂರು ವಾರವಾಗಿತ್ತು. ನೋಡೋಣಪ್ಪನವರು ಇನ್ನೂ ಒಂದೇ ಒಂದು ಗುದ್ದು ಗುದ್ದಿರಲಿಲ್ಲ. ಏಕೆಂದರೆ ಗ್ಲೌಸ್ ಹಾಕುವ ಮೊದಲು ಕೈಗೆ ಪಟ್ಟಿ ಸುತ್ತಿಕೊಳ್ಳಬೇಕು. ಅದು ಅವರ ಕೈಗೆ ಹತ್ತಲೇ ಇಲ್ಲ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಅಂಗೈಗೆ ಮೂರು, ಗೆಣ್ಣಿನ ಮೇಲೆ ಮೂರು, ಬೆರಳಿನ ಒಂದೊಂದು ಸಂದಿಯಲ್ಲೂ ಒಂದೊಂದು, ಹೆಬ್ಬೆರಳಿಗೆ ಬೀಗ ಹಾಕಿದ ಹಾಗೆ ಇನ್ನೊಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಇವರು ಸುತ್ತಿದ್ದು ಒಂದೋ ಸಡಿಲವಾಗಿ ನೆಲದ ಮೇಲೆ ಹರಿದಾಡುತ್ತಿತ್ತು, ಇಲ್ಲವೇ ಬಿಗಿಯಾಗಿ ಬೆರಳು ನೀಲಿಯಾಗುತ್ತಿದ್ದವು.

"ಸಾರ್," ಎನ್ನುತ್ತಿದ್ದರು ಮೂಗು ಚಪ್ಪಟೆಯಾದ ಕೋಚು, "ಒಂದು ಕೈಯಲ್ಲಿ ಇಪ್ಪತ್ತೇಳು ಮೂಳೆ ಇರುತ್ತೆ. ಒಂದೊಂದೂ ಮನೆಗೆ ಬಂದ ಅಳಿಯ ಇದ್ದಂಗೆ. ಸರಿಯಾಗಿ ಕೂರಿಸಿ ಉಪಚಾರ ಮಾಡ್ಲಿಲ್ಲ ಅಂದ್ರೆ ಒಂದಲ್ಲ ಒಂದು ಮುರ್ಕೊಂಡು ಕೂರುತ್ತೆ. ಇಪ್ಪತ್ತೇಳು ಅಳಿಯಂದಿರನ್ನ ಒಟ್ಟಿಗೆ ಹಿಡಿದಿಡೋದು ಈ ಪಟ್ಟಿ. ಮನೇಲಿ ಹತ್ತು ಸಲ ಸುತ್ತಿ ಅಭ್ಯಾಸ ಮಾಡಿ. ಅಲ್ಲೀವರೆಗೂ ಗ್ಲೌಸ್ ಮುಟ್ಟೋ ಹಾಗಿಲ್ಲ."

ಆ ಬುಧವಾರ ಬಾಕ್ಸಿಂಗ್ ಶಾಲೆಗೆ ರಜೆ. ಹೆಂಡತಿ ಏಳಕ್ಕೇ ಕೆಲಸಕ್ಕೆ ಹೊರಟಿದ್ದರು. ನೋಡೋಣಪ್ಪನವರು ಊಟದ ಮೇಜಿನ ಮುಂದೆ ಕೂತು ಅಭ್ಯಾಸಕ್ಕೆ ಕೈ ಹಾಕಿದರು. ಏಳು ಸಲ ಕೆಟ್ಟಿತು. ಎಂಟನೆಯ ಸಲ, ಏನು ಪುಣ್ಯವೋ, ಎರಡೂ ಕೈಯ ಸುತ್ತು ಅಚ್ಚುಕಟ್ಟಾಗಿ ಕೂತಿತು. ಬೆರಳು ಮಡಿಸಿದರೆ ಕಲ್ಲಿನಂಥ ಮುಷ್ಟಿ, ಬಿಡಿಸಿದರೆ ಹಿತವಾದ ಹಿಡಿತ. ಆದರೆ ಪಟ್ಟಿ ಹಳೆಯದು. ತುದಿಯಲ್ಲಿ ಪರ್ರೆಂದು ಕೀಳುವ ಅಂಟುಪಟ್ಟಿ ಸವೆದು ಹೋಗಿತ್ತು. ಕೈ ಬಿಟ್ಟರೆ ಇಷ್ಟು ಹೊತ್ತಿನ ಶ್ರಮವೆಲ್ಲ ಬಿಚ್ಚಿಕೊಳ್ಳುತ್ತದೆ. ಕೋಚ್‌ಗೆ ತೋರಿಸಲು ಒಂದು ಫೋಟೋವನ್ನಾದರೂ ತೆಗೆಯಬೇಡವೇ? ಬಲಗಡೆ ಕಿಟಕಿಯ ಕಟ್ಟೆಯ ಮೇಲೆ ಚಪ್ಪಲಿಯ ಅಟ್ಟೆ ಅಂಟಿಸಲು ತಂದಿದ್ದ ಗಮ್ಮಿನ ಟ್ಯೂಬು ಕಂಡಿತು. ಒಂದೊಂದು ತುದಿಗೂ ಒಂದೊಂದು ತೊಟ್ಟು ಹಾಕಿ ಒತ್ತಿದರು.

ತೊಟ್ಟು ಅಂದುಕೊಂಡದ್ದು ಧಾರೆಯಾಗಿತ್ತು. ಗಮ್ಮು ಪದರದಿಂದ ಪದರಕ್ಕೆ ಇಳಿದು, ಎರಡು ನಿಮಿಷದಲ್ಲಿ ಮಣಿಕಟ್ಟಿನ ಸುತ್ತಲೂ ಹಲಗೆಯಂತೆ ಗಟ್ಟಿಯಾಯಿತು. ಫೋಟೋ ತೆಗೆದು, ತಮ್ಮ ಮುಷ್ಟಿಗೆ ತಾವೇ ಮರುಳಾಗಿ, ಬಿಚ್ಚಲು ಹೋದರೆ ತುದಿ ಏಳಲಿಲ್ಲ. ಉಗುರಿನಿಂದ ಕೆರೆದರು. ಹಲ್ಲಿನಿಂದ ಕಚ್ಚಿ ಎಳೆದರು. ಹಲ್ಲು ಅಲುಗಾಡಿತೇ ಹೊರತು ಪಟ್ಟಿ ಅಲುಗಾಡಲಿಲ್ಲ. ಕತ್ತರಿ ಹುಡುಕಲು ಎದ್ದರು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಬಾಗಿಲು ಬಡಿಯದೆ ಒಳಗೆ ಬರುವವರು ಆ ಬೀದಿಯಲ್ಲಿ ಒಬ್ಬರೇ: ಎದುರು ಮನೆಯ ಸಿಸ್ಟರಮ್ಮ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರು ನಿವೃತ್ತರಾದರೂ ಅವರ ಸೇವೆ ನಿವೃತ್ತವಾಗಿರಲಿಲ್ಲ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಮುಗಿಯಿತು, ಎರಡನೆಯ ಕೆಮ್ಮಿಗೆ ಮೊದಲು ಇವರು ಥರ್ಮಾಮೀಟರ್ ಹಿಡಿದು ನಿಂತಿರುತ್ತಿದ್ದರು.

"ಪೇಪರ್ ಓದಿ ಆಯ್ತಾ ಅಂತ ಕೇಳೋಣ ಅಂತ… ಅಯ್ಯಯ್ಯೋ! ಏನಾಯ್ತ್ರೀ ಕೈಗೆ?"

ಬಾಕ್ಸಿಂಗ್ ಎಂದು ಸಿಸ್ಟರಮ್ಮನಿಗೆ ಹೇಳುವುದೂ ಒಂದೇ, ಮೈಕು ಕಟ್ಟಿ ಬೀದಿಬೀದಿ ಸಾರುವುದೂ ಒಂದೇ. ನೋಡೋಣಪ್ಪನವರು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಬಿಸಿನೀರು… ಸ್ವಲ್ಪ ಚೆಲ್ತು."

"ಯಾರು ಚೆಲ್ಲಿದ್ದು?"

"ಹೆಂಡತಿ ಸ್ನಾನಕ್ಕೆ ಅಂತ ಕಾಯಿಸಿಟ್ಟು ಹೋಗಿದ್ದ ನೀರು, ನಾನೇ…"

ಸಿಸ್ಟರಮ್ಮನ ಕಿವಿಗೆ ಬಿದ್ದದ್ದು 'ಹೆಂಡತಿ' ಮತ್ತು 'ನೀರು' ಎರಡೇ. ಉಳಿದದ್ದನ್ನು ಅವರೇ ಮನಸ್ಸಿನಲ್ಲಿ ತುಂಬಿಕೊಂಡರು. ತುಟಿ ಬಿಗಿಯಾಯಿತು. ಕನ್ನಡಕ ಏರಿಸಿ ಕಟ್ಟನ್ನು ಪರೀಕ್ಷಿಸಿದರು.

"ಯಾರು ಕಟ್ಟಿದ್ದು ಇದನ್ನ?"

"ನಾನೇ."

"ಎರಡು ಕೈಗೂ?" ಸಿಸ್ಟರಮ್ಮನ ದನಿಯಲ್ಲಿ ಮೆಚ್ಚುಗೆ ಇಣುಕಿತು. "ಪರವಾಗಿಲ್ವೇ! ಮಣಿಕಟ್ಟು ಬಿಗಿಯಾಗಿದೆ, ಬೆರಳಿನ ಸಂದಿ ಬಿಡಿಸಿ ಸುತ್ತಿದ್ದೀರ. ನನ್ನ ಕೈಕೆಳಗೆ ಕಲಿತ ಹುಡುಗೀರಿಗೂ ಇಷ್ಟು ನೀಟಾಗಿ ಬರ್ತಿರಲಿಲ್ಲ."

ಮೂರು ವಾರದಲ್ಲಿ ಅವರ ಕೈಕಟ್ಟಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ನೋಡೋಣಪ್ಪನವರು ಒಂದು ಕ್ಷಣ ಉಬ್ಬಿದರು. ಉಬ್ಬಿದ್ದು ಇಳಿಯುವುದರೊಳಗೆ ಸಿಸ್ಟರಮ್ಮ ಅಪ್ಪಣೆ ಕೊಟ್ಟಾಗಿತ್ತು.

"ಈಗ ಬಿಚ್ಚೋ ಹಾಗಿಲ್ಲ. ಬೊಬ್ಬೆ ಒಡೆದ್ರೆ ಕೀವಾಗುತ್ತೆ. ಸಂಜೆ ನಾನೇ ಬಿಚ್ಚಿ ಡ್ರೆಸಿಂಗ್ ಮಾಡ್ತೀನಿ. ಆಫೀಸಿಗೆ ರಜಾ ಹಾಕಿ."

"ರಜಾ ಇಲ್ಲ ಸಿಸ್ಟರಮ್ಮ, ಮುಗಿದು ಹೋಗಿದೆ."

"ಹಾಗಾದ್ರೆ ನಡೀರಿ, ಬಸ್ ಹತ್ತಿಸ್ತೀನಿ. ಕೈ ಮೇಲಕ್ಕೆ ಇಟ್ಕೊಳ್ಳಿ. ಹೃದಯಕ್ಕಿಂತ ಮೇಲೆ!"

ಹೀಗೆ ನೋಡೋಣಪ್ಪನವರು ಎರಡೂ ಕೈ ಎತ್ತಿಕೊಂಡು, ಪೊಲೀಸರಿಗೆ ಶರಣಾದ ಕಳ್ಳನ ಹಾಗೆ ಬೀದಿಯುದ್ದಕ್ಕೂ ನಡೆದರು. ಪ್ರತಿ ಗೇಟಿನಲ್ಲೂ ಒಬ್ಬೊಬ್ಬರು "ಏನಾಯ್ತು?" ಎಂದರು. ಉತ್ತರ ಕೊಡುವ ಕೆಲಸವನ್ನು ಸಿಸ್ಟರಮ್ಮ ಇವರಿಗೆ ಬಿಡಲಿಲ್ಲ.

ಕಚೇರಿ ತಲುಪಿದೊಡನೆ ಹಿಂದಿನ ಕೋಣೆಗೆ ಹೋಗಿ ಕತ್ತರಿಯಿಂದ ಪಟ್ಟಿ ಕತ್ತರಿಸಿ ಎಸೆಯುವುದೆಂದು ಅವರು ಬಸ್ಸಿನಲ್ಲೇ ತೀರ್ಮಾನಿಸಿದ್ದರು. ಆದರೆ ಬಾಗಿಲಲ್ಲೇ ಟೈಪಿಸ್ಟಮ್ಮ ಸಿಕ್ಕಿದರು. ಅವರ ಕಣ್ಣಲ್ಲಿ ನೀರು ಬರಲು ಹೆಚ್ಚು ಕಾರಣ ಬೇಕಾಗಿರಲಿಲ್ಲ.

"ಅಯ್ಯೋ ದೇವ್ರೇ! ನಿಮ್ಮಂಥ ಸಾಧು ಮನುಷ್ಯನಿಗೇ ಹೀಗಾಗ್ಬೇಕಾ? ಕೂತ್ಕೊಳ್ಳಿ, ಏನೂ ಮುಟ್ಬೇಡಿ. ರಿಜಿಸ್ಟರ್ ನಾನು ಬರೀತೀನಿ."

ಬ್ಯಾಗು ಕಸಿದುಕೊಂಡು, ಕುರ್ಚಿ ಎಳೆದು, ಫ್ಯಾನು ಅವರತ್ತ ತಿರುಗಿಸಿ ಕೂರಿಸಿಯೇಬಿಟ್ಟರು. ಗಡಿಯಾರ ಹತ್ತು ಹೊಡೆಯಿತು. ಕಿಟಕಿ ತೆರೆಯಿತು.

ಸಾಲಿನ ಮೊದಲಲ್ಲಿದ್ದವರು ಮೀಸೆಯವರು. ವಾರಕ್ಕೊಮ್ಮೆ ಬಂದು ಬೈಯುವುದು ಅವರ ವ್ರತ. ಅವರ ದನಿಗೆ ಕಿಟಕಿಯ ಗಾಜು ಎರಡು ಸಲ ಬಿರುಕು ಬಿಟ್ಟಿತ್ತು ಎನ್ನುತ್ತಿದ್ದರು. ನಿಜವೆಂದರೆ ಒಂದು ಸಲ ದನಿಗೆ, ಇನ್ನೊಂದು ಸಲ ಛತ್ರಿಗೆ. ಇವತ್ತೂ ಎದೆ ತುಂಬ ಉಸಿರೆಳೆದುಕೊಂಡು, "ಏನ್ರೀ, ಒಂಬತ್ತು ದಿನದಿಂದ…" ಎಂದು ಶುರು ಮಾಡಿದರು. ಕಣ್ಣು ಕಟ್ಟಿನ ಮೇಲೆ ಬಿತ್ತು. ಎಳೆದುಕೊಂಡ ಉಸಿರು ಟೈರಿನ ಗಾಳಿಯಂತೆ ಸುಯ್ಯೆಂದು ಇಳಿದುಹೋಯಿತು.

"ಏನ್ ಸ್ವಾಮಿ ಇದು?"

"ಬಿಸಿನೀರು."

"ಛೆ ಛೆ ಛೆ. ತುಂಬಾ ಉರೀತಿದ್ಯಾ?"

"ಸ್ವಲ್ಪ" ಎಂದರು ನೋಡೋಣಪ್ಪನವರು. ಅವರು ಹೇಳಿದ್ದಲ್ಲ, ಬಾಯಿ ತಾನೇ ಹೇಳಿತು.

"ನಮ್ಮ ನೀರಿಂದೇನು ಬಿಡಿ, ಒಂಬತ್ತು ದಿನ ಇಲ್ಲದ್ದು ಹತ್ತನೇ ದಿನ ಬರುತ್ತೆ. ಕೊಡಿ ಇಲ್ಲಿ, ದೂರು ನಾನೇ ಬರ್ಕೋತೀನಿ, ನೀವು ಕೈ ಅಲ್ಲಾಡಿಸ್ಬೇಡಿ." ಮೀಸೆಯವರು ತಮ್ಮ ದೂರನ್ನು ತಾವೇ ಬರೆದು, ತಾವೇ ಮುದ್ರೆ ಒತ್ತಿಕೊಂಡು, "ಹುಷಾರು ಸ್ವಾಮಿ" ಎಂದು ಹೇಳಿ ಕಾಲಿನ ಸದ್ದೂ ಆಗದಂತೆ ಹೊರಟುಹೋದರು.

ನೋಡೋಣಪ್ಪನವರು ಅವರು ಹೋದ ದಾರಿಯನ್ನೇ ನೋಡುತ್ತಾ ಕೂತರು. ಹನ್ನೊಂದು ವರ್ಷದಲ್ಲಿ ಆ ಕಿಟಕಿಯ ಆಚೆಯಿಂದ ಯಾರೂ ಅವರಿಗೆ 'ಹುಷಾರು' ಎಂದಿರಲಿಲ್ಲ. 'ನೋಡ್ಕೋತೀನಿ' ಎಂದವರು ಸಾಕಷ್ಟಿದ್ದರು.

ಮುಂದೆ ಬಂದವರು ಕೆಸರು ನೀರನ್ನು ಬಾಟಲಿಯಲ್ಲಿ ತುಂಬಿ ತಂದು "ಕುಡೀರಿ ನೋಡೋಣ!" ಎನ್ನುತ್ತಿದ್ದ ಗೃಹಿಣಿ. ಇವತ್ತು ಬಾಟಲಿಯನ್ನು ಸೆರಗಿನ ಹಿಂದೆ ಮುಚ್ಚಿಟ್ಟುಕೊಂಡು, "ಮುಂದಿನ ವಾರ ಬರ್ತೀನಿ ಅಣ್ಣ, ನೀವು ಸುಧಾರಿಸ್ಕೊಳ್ಳಿ" ಎಂದು ಹೊರಟರು. ಸಾಲಿನಲ್ಲಿ ಒಬ್ಬರಿಂದೊಬ್ಬರಿಗೆ ಸುದ್ದಿ ಹಬ್ಬಿ, ಜನ ದೇವಸ್ಥಾನದೊಳಗೆ ಮಾತಾಡುವ ಹಾಗೆ ಪಿಸುಗುಟ್ಟತೊಡಗಿದರು.

ಊಟದ ಹೊತ್ತಿಗೆ ಬಿಚ್ಚಿದರಾಯಿತು ಅಂದುಕೊಂಡರು ನೋಡೋಣಪ್ಪನವರು. ಊಟದ ಹೊತ್ತಿಗೆ ಟೈಪಿಸ್ಟಮ್ಮ ಡಬ್ಬಿ ಬಿಚ್ಚಿ ಚಮಚದಿಂದ ಬಾಯಿಗೆ ತುತ್ತು ಕೊಟ್ಟರು. ಅಮ್ಮನ ಕೈತುತ್ತು ನಿಂತ ಮೇಲೆ ಇಂಥ ಸುಖ ಕಂಡವರಲ್ಲ ಇವರು. ಸಂಜೆ ಬಿಚ್ಚಿದರಾಯಿತು ಅಂದುಕೊಂಡರು. ಕತ್ತರಿ ಮೇಜಿನ ಮೇಲೇ ಇತ್ತು, ಒಂದು ಅಡಿ ದೂರದಲ್ಲಿ. ಅದರ ಮೇಲೆ ಒಂದು ಫೈಲು ಜಾರಿ ಬಿದ್ದು ಮುಚ್ಚಿಕೊಂಡಿತು. ಫೈಲನ್ನು ಜಾರಿಸಿದ್ದು ಅವರ ಮೊಣಕೈಯೇ.

ಎರಡೂವರೆ ಗಂಟೆಗೆ ಕಚೇರಿಯ ಮುಂದೆ ಒಂದು ಕಾರು ಕಿರ್ರೆಂದು ನಿಂತು, ಮತ್ತೆ ಒಂದು ಗಜ ಚಿಮ್ಮಿ, ಮತ್ತೆ ನಿಂತಿತು. ಅದು ಅವರ ಭಾವನ ಕಾರು, ಅಂದರೆ ಹೆಂಡತಿಯ ಅಣ್ಣನದು. ಭಾವ ಡ್ರೈವಿಂಗ್ ಸ್ಕೂಲ್ ನಡೆಸುವವರು. ಕಾರಿಗೆ ಎರಡು ಕಡೆಯೂ ಬ್ರೇಕು. ಪಕ್ಕದಲ್ಲಿ ಕೂತಿದ್ದ ಸಿಸ್ಟರಮ್ಮ ದಾರಿಯುದ್ದಕ್ಕೂ ತಮ್ಮ ಕಡೆಯ ಬ್ರೇಕನ್ನು ಒತ್ತುತ್ತಲೇ ಬಂದಿದ್ದರು. ಬೆಳಿಗ್ಗೆ ಇವರನ್ನು ಬಸ್ ಹತ್ತಿಸಿದೊಡನೆ ಅವರು ಮಾಡಿದ ಮೊದಲ ಕೆಲಸವೇ ಭಾವನಿಗೆ ಫೋನು.

ಕಲಿಯುವವರಿಗೆ ಕೂಗಿ ಕೂಗಿ ಭಾವನ ಗಂಟಲಿಗೆ ಮೆತ್ತಗೆ ಮಾತಾಡುವುದು ಮರೆತೇಹೋಗಿತ್ತು. ಕಚೇರಿಯ ನಡುವೆ ನಿಂತು ಕೈಮುಗಿದು, "ಭಾವಾ, ನಮ್ಮ ತಂಗಿ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಹೊಟ್ಟೆಗೆ ಹಾಕ್ಕೊಳ್ಳಿ" ಎಂದರು.

"ಏನು ಹಾಕ್ಕೋಬೇಕು?" ಎಂದರು ನೋಡೋಣಪ್ಪನವರು ಬೆಚ್ಚಿ.

"ಅವಳಿಗೆ ಚಿಕ್ಕಂದಿನಿಂದ್ಲೂ ಮೂಗಿನ ತುದೀಲೇ ಕೋಪ. ಒಂದ್ಸಲ ನನ್ನ ಮೇಲೆ ತಟ್ಟೆ ಎಸೆದಿದ್ಲು, ನೋಡಿ ಇಲ್ಲಿ ಗಾಯ. ಆದ್ರೆ ಕಟ್ಕೊಂಡ ಗಂಡನ ಮೇಲೆ ಕುದಿಯೋ ನೀರು ಸುರಿಯೋಷ್ಟು ಬೆಳೀತಾಳೆ ಅಂತ ಅಂದ್ಕೊಂಡಿರಲಿಲ್ಲ!"

ಟೈಪಿಸ್ಟಮ್ಮನ ಯಂತ್ರ ನಿಂತಿತು. ಕಿಟಕಿಯಾಚೆಯ ಸಾಲು ಉಸಿರು ಬಿಗಿಹಿಡಿಯಿತು.

"ಇಲ್ಲ ಭಾವ, ಅವಳು ಏನೂ ಮಾಡಿಲ್ಲ! ಅವಳು ಮನೇಲೇ ಇರಲಿಲ್ಲ!"

"ನೋಡಿದ್ರಾ?" ಎಂದರು ಸಿಸ್ಟರಮ್ಮ ಎಲ್ಲರ ಕಡೆ ತಿರುಗಿ. "ಬೆಳಿಗ್ಗೆನೂ ಹೀಗೇ, 'ನಾನೇ' ಅಂತ ಶುರು ಮಾಡಿದ್ರು. ನಲವತ್ತು ವರ್ಷದಲ್ಲಿ ಎಷ್ಟು ಜನ ನೋಡಿಲ್ಲ ನಾನು. ಸುಟ್ಕೊಂಡು ಬಂದೋರೆಲ್ಲ ಹೇಳೋದು ಇದನ್ನೇ."

"ಎಂಥಾ ದೊಡ್ಡ ಮನಸ್ಸು" ಎಂದರು ಟೈಪಿಸ್ಟಮ್ಮ ಕಣ್ಣೊರೆಸಿಕೊಳ್ಳುತ್ತಾ. ಇವರು ಇಲ್ಲವೆಂದು ತಲೆಯಾಡಿಸಿದಷ್ಟೂ ಇವರ ಮನಸ್ಸು ಇನ್ನಷ್ಟು ದೊಡ್ಡದಾಗುತ್ತಾ ಹೋಯಿತು. ಸಾಲಿನಲ್ಲಿದ್ದ ಒಬ್ಬರು ಒಳ್ಳೆಯ ವಕೀಲರ ವಿಳಾಸವನ್ನೂ ಕಿಟಕಿಯಿಂದ ತೂರಿಸಿದರು.

ಅಷ್ಟು ಹೊತ್ತಿಗೆ ಸಾಲಿನ ಕೊನೆಯಿಂದ ಒಬ್ಬರು ಯಾರನ್ನೂ ತಳ್ಳದೆ, ಯಾರೊಂದಿಗೂ ಮಾತಾಡದೆ, ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದರು. ಹೆಗಲಿನಲ್ಲಿ ಚೀಲ, ಚೀಲದಲ್ಲಿ ಮಕ್ಕಳ ಕಾಪಿಪುಸ್ತಕ. ತಮ್ಮ ಸರದಿ ಬಂದಾಗ ಕಿಟಕಿಗೆ ಬಾಗಿದರು.

"ಒಂದು ದೂರಿದೆ" ಎಂದರು ಹೆಂಡತಿ.

ಅಭ್ಯಾಸಬಲದಿಂದ ನೋಡೋಣಪ್ಪನವರ ಬಾಯಿ ತಾನೇ ಕೇಳಿತು: "ಯಾರ ಮೇಲೆ?"

"ಗಂಡನ ಮೇಲೆ."

ಸಾಲಿನವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಮುಂದಿದ್ದವರೊಬ್ಬರು ಟೀಚರ ಕೈಯಲ್ಲಿದ್ದ ನೀರಿನ ಬಾಟಲಿಯತ್ತ ಹೆದರಿ ನೋಡಿದರು.

"ಬೆಳಿಗ್ಗೆ ಮೂರನೇ ಪೀರಿಯಡ್‌ನಲ್ಲಿ ಒಂದು ಮಗು ಎದ್ದು ನಿಂತು ಕೇಳ್ತು, 'ಮಿಸ್, ಹೋಮ್‌ವರ್ಕ್ ಮಾಡಿಲ್ಲ ಅಂದ್ರೆ ನಮ್ಮ ಮೇಲೂ ಹಾಕ್ತೀರಾ?' ಅಂತ. ಏನನ್ನ ಅಂತ ನನಗೆ ಗೊತ್ತಾಗ್ಲಿಲ್ಲ. ಆಮೇಲೆ ಹೆಡ್‌ಮಿಸ್ ಕರೆದು ಹೇಳಿದ್ರು, 'ನಾಲ್ಕು ದಿನ ರಜಾ ತಗೊಳ್ಳಿ, ಮನೇಲಿ ಎಲ್ಲಾ ತಣ್ಣಗಾಗ್ಲಿ, ಪೋಷಕರು ಫೋನ್ ಮಾಡ್ತಿದ್ದಾರೆ' ಅಂತ. ಹದಿನೆಂಟು ವರ್ಷ ಕಲಿಸಿದೀನಿ ರೀ ಆ ಶಾಲೇಲಿ. ಒಂದು ಮಗೂಗೆ ಒಂದು ಏಟು ಹಾಕಿದವಳಲ್ಲ." ಅವರ ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು, ಕೊನೆಯ ಮಾತಿಗೆ ಸ್ವಲ್ಪ ನಡುಗಿತು. "ನಾನು ಯಾವಾಗ ರೀ ನಿಮ್ಮ ಮೇಲೆ ನೀರು ಸುರಿದೆ?"

ಆ ನಡುಕ ಕೇಳಿ ನೋಡೋಣಪ್ಪನವರು ಕುರ್ಚಿ ಹಿಂದಕ್ಕೆ ತಳ್ಳಿದರು. ಎದ್ದು ನಿಂತರು. ಅದೇ ಹೊತ್ತಿಗೆ ಗದ್ದಲ ಕೇಳಿ ಸಾಹೇಬರು ಬಾಗಿಲಲ್ಲಿ ಕಾಣಿಸಿಕೊಂಡು, ಕಿಟಕಿ ಮುಚ್ಚಿಸಿ, ಎಲ್ಲರನ್ನೂ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ಗಂಡ, ಹೆಂಡತಿ, ಭಾವ, ಸಿಸ್ಟರಮ್ಮ ಮೇಜಿನ ಮುಂದೆ. ಟೈಪಿಸ್ಟಮ್ಮನನ್ನು ಯಾರೂ ಕರೆಯಲಿಲ್ಲ, ಆದರೂ ಎಲ್ಲರಿಗಿಂತ ಮೊದಲು ಅವರೇ ಒಳಗಿದ್ದರು.

"ಸಾರ್," ಎಂದರು ನೋಡೋಣಪ್ಪನವರು, "ನೀರು ಚೆಲ್ಲೇ ಇಲ್ಲ. ಕೈ ಸುಟ್ಟೂ ಇಲ್ಲ. ಇದು ಬಾಕ್ಸಿಂಗ್ ಪಟ್ಟಿ. ನಾನು ಬಾಕ್ಸಿಂಗ್ ಕಲೀತಾ ಇದೀನಿ."

ಭಾವ ಅವರ ಹೆಗಲ ಮೇಲೆ ಕೈಯಿಟ್ಟರು. "ಭಾವಾ, ತಂಗಿನ ಉಳಿಸೋಕೆ ಸುಳ್ಳು ಹೇಳಿ, ಬೇಡ ಅನ್ನಲ್ಲ. ಆದ್ರೆ ಜನ ನಂಬೋ ಅಂಥದ್ದು ಹೇಳಿ."

"ಜ್ವರ ಏರಿದೆ" ಎಂದರು ಸಿಸ್ಟರಮ್ಮ ಹಣೆ ಮುಟ್ಟಿ ನೋಡಿ. "ಬಡಬಡಿಸ್ತಿದ್ದಾರೆ."

"ಬಾಕ್ಸಿಂಗಾ? ನೀವಾ?" ಎಂದರು ಸಾಹೇಬರು. ಆ ಎರಡು ಪ್ರಶ್ನೆಯಲ್ಲಿ ಎರಡನೆಯದು ಹೆಚ್ಚು ಚುಚ್ಚಿತು.

ನೋಡೋಣಪ್ಪನವರು ಹೆಂಡತಿಯ ಮುಖ ನೋಡಿದರು. ಅಲ್ಲೂ ನಂಬಿಕೆ ಇರಲಿಲ್ಲ. ಆಗ ಅವರೊಳಗೆ ಏನೋ ಕುದಿಯಿತು. ಮೀಸೆಯವರು, ಕೆಸರು ನೀರಿನ ಬಾಟಲಿ, ಛತ್ರಿ, ಹನ್ನೊಂದು ವರ್ಷದ ಬೈಗುಳ ಎಲ್ಲವೂ ಭುಜದಿಂದ ಇಳಿದು ಮುಷ್ಟಿಗೆ ಬಂದವು. "ಸುಟ್ಟಿಲ್ಲಾ ಅಂದ್ರೆ ಸುಟ್ಟಿಲ್ಲಾ!" ಎಂದು ಕೂಗಿ, ಸಾಹೇಬರ ಮೇಜಿನ ಮೇಲೆ ಬಲಗೈಯಿಂದ ಧಡಾರನೆ ಗುದ್ದಿದರು.

ಪೆನ್‌ಸ್ಟ್ಯಾಂಡು ಒಂದು ಗೇಣು ಮೇಲೆ ಹಾರಿತು. ಫೈಲುಗಳು ಧೂಳು ಕೊಡವಿಕೊಂಡವು. ಮೇಜಿನ ಮೇಲಿದ್ದ ಗಂಟೆ ತಾನಾಗಿ ಠಣ್ಣೆಂದಿತು. ಹೊರಗಿನಿಂದ ಜವಾನ ತಲೆ ತೂರಿಸಿ, "ಕರೆದ್ರಾ ಸಾರ್?" ಎಂದ.

"ಅಯ್ಯೋ ಬೊಬ್ಬೆ ಒಡೀತು!" ಎಂದು ಕಿರುಚಿದರು ಸಿಸ್ಟರಮ್ಮ.

ಎಲ್ಲರಿಗಿಂತ ಹೆಚ್ಚು ಬೆರಗಾದವರು ನೋಡೋಣಪ್ಪನವರೇ. ಕೈ ಚೂರೂ ನೋಯಲಿಲ್ಲ. ಇಪ್ಪತ್ತೇಳು ಮೂಳೆಗಳೂ ತಮ್ಮ ತಮ್ಮ ಜಾಗದಲ್ಲಿ ಕದಲದೆ ಕೂತಿದ್ದವು. "ನೋವಾಗ್ಲಿಲ್ಲ!" ಎಂದರು. ಇನ್ನೊಮ್ಮೆ ಗುದ್ದಿ ನೋಡಿದರು. "ನೋಡಿ, ಸ್ವಲ್ಪಾನೂ ನೋವಾಗ್ಲಿಲ್ಲ!"

ಮೂರನೆಯ ಗುದ್ದಿಗೆ ಮೊದಲು ಸಾಹೇಬರು ಗಂಟೆಯನ್ನು ಎತ್ತಿ ಎದೆಗವಚಿಕೊಂಡರು. ಸಿಸ್ಟರಮ್ಮ ಕೈಚೀಲದಿಂದ ಡೊಂಕು ಕತ್ತರಿ ತೆಗೆದು, ಗಮ್ಮಿನ ಹಲಗೆಯನ್ನು ಕಚಕಚನೆ ಕತ್ತರಿಸಿ, ಪದರ ಪದರವಾಗಿ ಬಿಡಿಸಿದರು. ಎಲ್ಲರೂ ಬಾಗಿದರು. ಒಳಗಿನಿಂದ ಹೊರಬಂದದ್ದು ಎರಡು ಸಾಧಾರಣ ಕೈಗಳು. ಬೆವರಿಗೆ ಸ್ವಲ್ಪ ಬಿಳಚಿ ಸುಕ್ಕಾಗಿದ್ದವು, ಮಣಿಕಟ್ಟಿನಲ್ಲಿ ಚಪ್ಪಲಿ ಗಮ್ಮಿನ ವಾಸನೆ. ಬೊಬ್ಬೆಯಿಲ್ಲ, ಕಲೆಯಿಲ್ಲ. ಬೆಳಿಗ್ಗೆ ತೆಗೆದ ಫೋಟೋವನ್ನೂ ನೋಡೋಣಪ್ಪನವರು ಮೊಬೈಲಿನಲ್ಲಿ ತೋರಿಸಿದರು. ಅದರಲ್ಲಿ ಅವರು ಮುಷ್ಟಿ ಬಿಗಿದು, ಹುಬ್ಬು ಗಂಟಿಕ್ಕಿಕೊಂಡು, ಕನ್ನಡಿಯನ್ನು ಹೆದರಿಸುತ್ತಾ ನಿಂತಿದ್ದರು.

ಹೆಂಡತಿ ಫೋಟೋ ನೋಡಿದರು. ಗಂಡನ ಮುಖ ನೋಡಿದರು. ಮತ್ತೆ ಫೋಟೋ ನೋಡಿದರು. ನಗು ಮೊದಲು ಮೂಗಿನಿಂದ ಬಂತು, ಆಮೇಲೆ ಕಣ್ಣಿನಿಂದ, ಆಮೇಲೆ ಕುರ್ಚಿಯೇ ಅಲುಗಾಡುವಂತೆ. "ವಾಕಿಂಗ್! ಮೂರು ವಾರ… ವಾಕಿಂಗ್!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡ ಹೆದರಿದ್ದ ಆ ಒಂದು ವರ್ಷದ ನಗುವಿನ ಮೊದಲ ಕಂತು ಅದು. ಆದರೂ ನೋಡೋಣಪ್ಪನವರಿಗೆ ಮೈ ಹಗುರಾಯಿತು. ಹೆಂಡತಿಯ ಹೆಸರು ಉಳಿಯಿತಲ್ಲ, ಇನ್ನು ಏನಾದರಾಗಲಿ.

"ಸಾರ್, ಏನು ಶಿಕ್ಷೆ ಕೊಟ್ರೂ ಸರಿ" ಎಂದರು ಬರಿಗೈ ಜೋಡಿಸಿ.

ಸಾಹೇಬರು ಡ್ರಾಯರಿನಿಂದ ಒಂದು ಹಾಳೆ ತೆಗೆದರು.

"ಬೆಳಿಗ್ಗೆ ನಿಮ್ಮ ಕೈ ನೋಡಿ ನನಗೂ ಕರುಳು ಚುರುಕ್ ಅಂತು ಕಣ್ರೀ. ಈ ಕೈಯಲ್ಲಿ ಆ ಕಿಟಕೀಲಿ ಹೇಗೆ ಕೂರ್ತೀರಿ ಅಂತ ರೆಕಾರ್ಡ್ ರೂಮಿಗೆ ವರ್ಗ ಮಾಡಿ ಆರ್ಡರ್ ಹಾಕ್ಸಿದ್ದೆ. ಖಾಯಂ ಆಗಿ. ಸಹೀನೂ ಆಗಿತ್ತು. ಐದು ಗಂಟೆಗೆ ಕೊಡೋಣ ಅಂತಿದ್ದೆ."

ರೆಕಾರ್ಡ್ ರೂಮು! ಅಲ್ಲಿರುವುದು ಫೈಲು ಮತ್ತು ಗೆದ್ದಲು; ಎರಡೂ ಬೈಯುವುದಿಲ್ಲ. ನೋಡೋಣಪ್ಪನವರು ಗೋಡೆಯ ಗಡಿಯಾರ ನೋಡಿದರು. ನಾಲ್ಕು ಗಂಟೆ ಹತ್ತು ನಿಮಿಷ. ಸಾಹೇಬರು ಹಾಳೆಯನ್ನು ನಿಧಾನವಾಗಿ ಎರಡು, ನಾಲ್ಕು, ಎಂಟು ತುಂಡು ಮಾಡಿದರು.

"ಕೈ ಚೆನ್ನಾಗಿದೆಯಲ್ಲ, ಕಿಟಕೀಲೇ ಇರಿ. ಆದ್ರೆ ಒಂದು ಮಾತು." ಅವರು ಮುಂದಕ್ಕೆ ಬಾಗಿದರು. "ಹನ್ನೊಂದು ವರ್ಷದಲ್ಲಿ ಇವತ್ತೇ ಮೊದಲು, ಆ ಕಿಟಕಿಯಿಂದ ಒಂದು ಕೂಗೂ ಕೇಳ್ಲಿಲ್ಲ. ಮಧ್ಯಾಹ್ನ ನಾನು ಹದಿನೈದು ನಿಮಿಷ ನಿದ್ದೆ ಮಾಡ್ದೆ, ಗೊತ್ತಾ? ನಾಳೆಯಿಂದ ದಿನಾ ಹೀಗೇ ಕಟ್ಕೊಂಡು ಬನ್ನಿ. ಇದು ಕಚೇರಿ ಆದೇಶ ಅಂತಲೇ ತಿಳ್ಕೊಳ್ಳಿ."

"ಸಾರ್, ದಿನಾ ಸುಳ್ಳು ಹೇಳೋಕೆ…"

"ನೀವು ಬಾಯಿ ಬಿಡ್ಲೇಬೇಡಿ. ಕೈ ತೋರ್ಸಿದ್ರೆ ಸಾಕು."

"ನಾನೇ ದಿನಾ ಕಟ್ಟಿ ಕಳಿಸ್ತೀನಿ ಬಿಡಿ ಸಾಹೇಬ್ರೇ, ಬೆಳಿಗ್ಗೆ ಆರೂವರೆಗೆ" ಎಂದರು ಸಿಸ್ಟರಮ್ಮ. ಇಷ್ಟು ಹೊತ್ತು ಮೋಸಹೋದ ಅವಮಾನದಿಂದ ಬಾಡಿದ್ದ ಅವರ ಮುಖ, ಹೊಸ ರೋಗಿ ಸಿಕ್ಕಿದ ಸಂತೋಷಕ್ಕೆ ಅರಳಿತು.

"ಎಲ್ಲಾ ಸರಿ," ಎಂದು ಹೆಂಡತಿ ನಗು ನಿಲ್ಲಿಸಿದರು, "ಇವರು ಕೈ ಕಟ್ಕೊಂಡು ಕೂತಿದ್ರೆ, ಸುರಿದವಳು ನಾನು ಅಂತ ಊರೆಲ್ಲ ಹೇಳ್ಕೊಂಡು ತಿರುಗಲ್ವಾ? ನನ್ನ ಹೆಸರು?"

"ಅದಕ್ಕೂ ದಾರಿ ಇದೆ ಮೇಡಂ" ಎಂದು ಸಾಹೇಬರು ಟೈಪಿಸ್ಟಮ್ಮನಿಗೆ ಸನ್ನೆ ಮಾಡಿದರು. ಐದು ನಿಮಿಷದಲ್ಲಿ ನೋಟಿಸು ತಯಾರಾಯಿತು:

"ಸಾರ್ವಜನಿಕರ ಗಮನಕ್ಕೆ. ಈ ಕಚೇರಿಯ ದೂರು ವಿಭಾಗದ ನೌಕರರು ತಮ್ಮ ಸ್ವಂತ ಅಜಾಗರೂಕತೆಯಿಂದ ತಮ್ಮ ಎರಡೂ ಕೈಗಳ ಮೇಲೆ ತಾವೇ ಬಿಸಿನೀರು ಸುರಿದುಕೊಂಡಿರುತ್ತಾರೆ. ಸದರಿ ಘಟನೆಯಲ್ಲಿ ಅವರ ಧರ್ಮಪತ್ನಿಯವರ ಪಾತ್ರ ಯಾವುದೂ ಇರುವುದಿಲ್ಲ. ಸಾರ್ವಜನಿಕರು ಮೆಲುದನಿಯಲ್ಲಿ ಸಹಕರಿಸಬೇಕಾಗಿ ಕೋರಿದೆ."

ಹೆಂಡತಿ ಚೀಲದಿಂದ ಕೆಂಪು ಪೆನ್ನು ತೆಗೆದು ಎರಡು ಕಾಗುಣಿತ ತಿದ್ದಿದರು. "ಮೊದಲು 'ಸಂಪೂರ್ಣ ಅಜಾಗರೂಕತೆಯಿಂದ' ಅಂತ ಸೇರಿಸಿ. ನಮ್ಮ ಶಾಲೆಗೂ ಒಂದು ಪ್ರತಿ ಕೊಡಿ, ಹೆಡ್‌ಮಿಸ್ ಮೇಜಿನ ಮೇಲೆ ಇಡ್ತೀನಿ."

"ಸಾರ್," ಎಂದರು ನೋಡೋಣಪ್ಪನವರು ಉಡುಗಿದ ದನಿಯಲ್ಲಿ, "ಬೆಳಿಗ್ಗೆ ಆರೂವರೆಗೆ ನನ್ನ ಬಾಕ್ಸಿಂಗ್ ಕ್ಲಾಸು. ಇವತ್ತು ಕಟ್ಟು ಸರಿಯಾಗಿ ಕೂತಿತ್ತು. ಇನ್ನು ಗ್ಲೌಸ್ ಹಾಕಿಸ್ತಾರೆ…"

"ಬಾಕ್ಸಿಂಗಾ?" ಸಾಹೇಬರು ಗಂಟೆಯನ್ನು ಇನ್ನೂ ಎದೆಗೆ ಒತ್ತಿ ಹಿಡಿದಿದ್ದರು. "ಕೈ ಸುಟ್ಕೊಂಡಿರೋ ಮನುಷ್ಯ ಮೂಟೆ ಗುದ್ದೋದನ್ನ ಯಾರಾದ್ರೂ ಕಂಡ್ರೆ ಕಚೇರಿ ಮರ್ಯಾದೆ ಏನಾಗ್ಬೇಕು? ಅದೆಲ್ಲ ಬಂದ್."

"ಎಷ್ಟು ದಿನ ಸಾರ್?"

"ಹೆದರ್ಬೇಡಿ, ಜೀವಮಾನವೆಲ್ಲ ಏನಲ್ಲ. ಹೊಸ ಪೈಪ್‌ಲೈನ್ ಬರೋವರೆಗೆ ಅಷ್ಟೇ. ಅದು ಬಂದ್ರೆ ನೀರು ಬರುತ್ತೆ, ನೀರು ಬಂದ್ರೆ ದೂರೇ ಇರಲ್ಲ."

ನೋಡೋಣಪ್ಪನವರ ಮುಖಕ್ಕೆ ಸ್ವಲ್ಪ ಜೀವ ಬಂತು. ಆಸೆಯಿಂದ ಟೈಪಿಸ್ಟಮ್ಮನ ಕಡೆ ತಿರುಗಿದರು. "ಆ ಪೈಪ್‌ಲೈನ್ ಫೈಲು ಎಲ್ಲಿಗೆ ಬಂತು ಮೇಡಂ?"

ಟೈಪಿಸ್ಟಮ್ಮ ತಲೆಯೆತ್ತದೆ ನೋಟಿಸಿಗೆ 'ಸಂಪೂರ್ಣ' ಎಂಬ ಪದ ಸೇರಿಸುತ್ತಿದ್ದರು.

"ಚೆನ್ನಾಗಿ ನೆನಪಿದೆ ಸಾರ್. ನಾನು ಕೆಲಸಕ್ಕೆ ಸೇರಿದ ದಿನ ಮೊಟ್ಟಮೊದಲು ಟೈಪ್ ಮಾಡಿದ್ದೇ ಅದು. ಮುಂದಿನ ತಿಂಗಳು ನಾನು ರಿಟೈರ್ ಆಗೋದ್ರೊಳಗೆ ಎರಡನೇ ಪುಟ ಬರಬಹುದು ಅಂತ ಹೇಳ್ತಿದ್ದಾರೆ."